ನೆಲ ಇಳಿಯುವ ಮೊದಲೇ ಅಳೆದಿಡಿ: ಬಾವಿ, ಅಬ್ಬಿ, ಬಿರುಕುಗಳ ಲೆಕ್ಕ

ಕಳೆದ ಆಷಾಢದ ಒಂದು ಬೆಳಗ್ಗೆ ಶಿರಸಿ–ಯಲ್ಲಾಪುರದ ನಡುವಿನ ಹಳ್ಳಿಯಿಂದ ಭಾವನ ಫೋನು. "ತೋಟದ ಮೇಲಿನ ಬೆಟ್ಟದಲ್ಲಿ ನೆಲ ಬಿರುಕು ಬಿಟ್ಟಿದ್ದು. ನೀ ಗಣಿಯಲ್ಲಿದ್ದವ ಅಲ್ದಾ, ಒಂಚೂರು ಬಂದು ನೋಡಕಾಗಿತ್ತು."

ಗಣಿಯಲ್ಲಿದ್ದವನು ಹೌದು. ಗೋದಾವರಿ ಕಣಿವೆಯ ಒಂದು ಭೂಗತ ಕಲ್ಲಿದ್ದಲು ಗಣಿಯ ಸರ್ವೆ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ದುರ್ಬೀನು ಹಿಡಿದು ನಿಂತಿದ್ದೇನೆ. ಜನ ತಿಳಿದಂತೆ ನನ್ನ ಕೆಲಸವೆಲ್ಲ ಕತ್ತಲೆಯಲ್ಲೇನೂ ಇರಲಿಲ್ಲ. ಕೆಳಗೆ ಕಲ್ಲಿದ್ದಲು ತೆಗೆದ ಹಾಗೆ ಮೇಲಿನ ಹತ್ತಿ ಹೊಲ ಎಷ್ಟು ಇಳಿಯಿತು, ಯಾವ ಬಾವಿಯ ನೀರು ಎಷ್ಟು ಕೆಳಗೆ ಹೋಯಿತು ಎಂದು ಬಿಸಿಲಿನಲ್ಲಿ ಅಳೆಯುವುದೇ ಹೆಚ್ಚಿನ ದಿನಗಳ ಪಾಡು.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಒಂದೂ ಇಲ್ಲ. ಆದರೆ ನೆಲ ಬಾಯಿಬಿಡುವುದು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹೊಸದಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡದ ಜೊತೆ ಅಡಿಕೆ ತೋಟಗಳೂ ಜಾರಿಹೋದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಗಂಗಾವಳಿ ನದಿಗೇ ಬಿತ್ತು. ಹೊನ್ನಾವರದ ಕಡೆಯವರನ್ನು ಮಾತಾಡಿಸಿದರೆ ಬೇರೊಂದು ಚಿಂತೆ. ಮೇಲಿನ ತಲಕಳಲೆ ಮತ್ತು ಕೆಳಗಿನ ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ (ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ) ಯೋಜನೆಗೆ ಸುರಂಗ ಕೊರೆದರೆ ನಮ್ಮ ಬಾವಿ, ಒರತೆಗಳ ಗತಿ ಏನು ಎಂದು ಅವರು ಕೇಳುತ್ತಾರೆ. ಕರಾವಳಿಯ ಚಿರೆಕಲ್ಲು (ಜಂಬಿಟ್ಟಿಗೆ) ಕ್ವಾರಿಗಳ ಅಕ್ಕಪಕ್ಕದವರದೂ ಇದೇ ಪ್ರಶ್ನೆ.

ಬಿರುಕು ನೋಡುವ ಮೊದಲು ಭಾವನನ್ನು ಒಂದೇ ಕೇಳಿದೆ: ಹೋದ ವರ್ಷ ಇದೇ ಹೊತ್ತಿಗೆ ಬಾವಿಯಲ್ಲಿ ನೀರು ಎಷ್ಟಿತ್ತು? "ಅದ್ಯಾರು ಅಳೀತ ಮಾರಾಯ, ಯಾವಾಗ್ಲೂ ಇರ್ತಿತ್ತು." ಗೋದಾವರಿ ದಂಡೆಯ ರೈತರೂ ಇದೇ ಮಾತನ್ನು ತೆಲುಗಿನಲ್ಲಿ ಹೇಳುತ್ತಿದ್ದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಪರಿಹಾರದ ಮೇಜಿನ ಮುಂದೆ "ಯಾವಾಗಲೂ ಇರುತ್ತಿತ್ತು" ಎನ್ನುವುದಕ್ಕೆ ತೂಕವಿಲ್ಲ. ತಾರೀಕು ಹಾಕಿದ ಒಂದು ಅಂಕಿಗೆ ಇದೆ. ಈ ಲೇಖನ ಆ ಅಂಕಿಯನ್ನು ಹುಟ್ಟಿಸುವ ಬಗೆಯ ಬಗ್ಗೆ.

ಗಣಿಯ ಮೇಲಿನ ನೆಲ ಹೇಗೆ ಇಳಿಯುತ್ತದೆ

ಮೊದಲು ಸ್ವಲ್ಪ ಗಣಿಪಾಠ. ಬೇಡ ಎನ್ನುವವರು ಮುಂದಿನ ಭಾಗಕ್ಕೆ ಹೋಗಬಹುದು, ಆದರೆ ಮುಂದೆ ಯಾವುದೇ ಇಂಜಿನಿಯರ್ ಎದುರು ಕೂರುವವರಿಗೆ ಇದು ಉಪಯೋಗಕ್ಕೆ ಬಂದೀತು.

ಭೂಗತ ಗಣಿಯಲ್ಲಿ ಕಲ್ಲಿದ್ದಲು ತೆಗೆಯುವ ದೊಡ್ಡ ಪದ್ಧತಿಗಳು ಎರಡು. ಒಂದರಲ್ಲಿ ಕಲ್ಲಿದ್ದಲಿನದೇ ಕಂಬಗಳನ್ನು ಉಳಿಸಿ ನಡುವಿನದನ್ನು ತೆಗೆಯುತ್ತಾರೆ. ಇನ್ನೊಂದು ಲಾಂಗ್‌ವಾಲ್: ನೂರಾರು ಅಡಿ ಅಗಲದ ಒಂದು ಪಟ್ಟಿಯನ್ನು ಪೂರ್ತಿ ಕೆರೆಯುತ್ತ ಹೋಗಿ, ಹಿಂದೆ ಉಳಿದ ಖಾಲಿ ಜಾಗದ ಮಾಳಿಗೆಯನ್ನು ಬೇಕೆಂದೇ ಕುಸಿಯಲು ಬಿಡುವುದು. ಮಾಳಿಗೆ ಕುಸಿದರೆ ಅದರ ಮೇಲಿನ ಪದರ ಬಾಗುತ್ತದೆ, ಅದರ ಮೇಲಿನದೂ ಬಾಗುತ್ತದೆ, ಕೊನೆಗೆ ಹೊಲವೇ ಅಗಲವಾದ ತಟ್ಟೆಯಂತೆ ಇಳಿಯುತ್ತದೆ. ಮೂರು ಮೀಟರ್ ದಪ್ಪದ ಕಲ್ಲಿದ್ದಲು ತೆಗೆದಲ್ಲಿ ಮೇಲಿನ ನೆಲ ಎರಡು ಮೀಟರಿನವರೆಗೆ ಇಳಿಯುವುದುಂಟು.

ಇಲ್ಲಿ ನೆನಪಿಡಬೇಕಾದ್ದು ತಟ್ಟೆಯ ಅಂಚು. ಅದು ಕೆಳಗೆ ತೆಗೆದ ಪಟ್ಟಿಗಿಂತ ದೊಡ್ಡದು. ಕುಸಿತ ಮೇಲಕ್ಕೆ ಬರುವಾಗ ನೆಟ್ಟಗೆ ಬರದೆ ಹೊರಕ್ಕೆ ಅಗಲಿಸಿಕೊಂಡು ಬರುತ್ತದೆ. ಆ ಓರೆ 35 ಡಿಗ್ರಿ ಎಂದಿಟ್ಟುಕೊಂಡರೆ, ನೂರು ಮೀಟರ್ ಆಳದ ಗಣಿಯ ಪ್ರಭಾವ ಗಡಿಯಿಂದ ಸುಮಾರು 70 ಮೀಟರ್ ಆಚೆಗೂ ತಲುಪುತ್ತದೆ. "ನಿಮ್ಮ ಜಾಗದ ಕೆಳಗೆ ನಾವು ಮುಟ್ಟೇ ಇಲ್ಲ" ಎನ್ನುವುದು ಅದಕ್ಕೇ ಪೂರ್ತಿ ಉತ್ತರವಲ್ಲ. ತಟ್ಟೆಯ ಅಂಚಿನಲ್ಲಿ ನೆಲ ಎಳೆದಂತಾಗಿ ಬಿರುಕು ಬಿಡುತ್ತದೆ. ನಡುವೆ ಒತ್ತಿದಂತಾಗಿ ಅಲ್ಲಲ್ಲಿ ಉಬ್ಬುತ್ತದೆ, ಒಟ್ಟಾರೆ ತಗ್ಗಾದ ಆ ನಡುಭಾಗದಲ್ಲೇ ಮಳೆನೀರು ನಿಂತು ಗದ್ದೆ ಕೆರೆಯಾಗುತ್ತದೆ. ನೀರು ಹರಿಯುತ್ತಿದ್ದ ಇಳಿಜಾರೇ ತಿರುವುಮುರುವಾಗಿ ಕಾಲುವೆ ಹಿಂದಕ್ಕೆ ಹರಿದದ್ದನ್ನು ನಾನೇ ನೋಡಿದ್ದೇನೆ.

ಕಂಬ ಬಿಟ್ಟ ಹಳೆಯ ಗಣಿಗಳ ಕತೆ ಬೇರೆ. ಅವು ಹತ್ತಾರು ವರ್ಷ ಸುಮ್ಮನಿದ್ದು, ಕಂಬಗಳು ಸವೆದ ಮೇಲೆ ಒಂದು ದಿನ ಏಕಾಏಕಿ ಹೊಂಡವಾಗುತ್ತವೆ. ಪಶ್ಚಿಮ ಬಂಗಾಳದ ರಾಣಿಗಂಜ್, ಜಾರ್ಖಂಡ್‌ನ ಝರಿಯಾ ಇಂಥವಕ್ಕೇ ಕುಖ್ಯಾತ. ಝರಿಯಾದಲ್ಲಿ ಇದರ ಮೇಲೆ ಬೆಂಕಿಯೂ ಸೇರಿದೆ. 1916ರಲ್ಲಿ ಮೊದಲು ಕಂಡ ನೆಲದಡಿಯ ಬೆಂಕಿ ಶತಮಾನ ಕಳೆದರೂ ಪೂರ್ತಿ ಆರಿಲ್ಲ.

ನೀರಿನ ಪಾಡು ಇದಕ್ಕೆ ಹೊಂದಿಕೊಂಡೇ ಇರುತ್ತದೆ. ಬಂಡೆಯ ಪದರಗಳು ಬಿರಿದರೆ ಬಾವಿಯ ನೀರು ಕೆಳಕ್ಕೆ ಇಳಿದು ಗಣಿ ಸೇರುತ್ತದೆ. ಹಳ್ಳ ಒಂದು ಕಡೆ ಬಿರುಕಿನೊಳಗೆ ಮಾಯವಾಗಿ ಮತ್ತೆಲ್ಲೋ ಏಳುತ್ತದೆ. ನಡುವೆ ಜೇಡಿಯ ದಪ್ಪ ಪದರವಿದ್ದರೆ ಮೇಲಿನ ಬಾವಿ ಬಚಾವಾಗುವುದೂ ಉಂಟು, ಬಿರುಕಿನಲ್ಲಿ ಹೂಳು ತುಂಬಿ ನೀರು ಮರಳಿ ಬಂದದ್ದೂ ಉಂಟು. ಗಣಿ ಮುಚ್ಚಿ ಪಂಪು ನಿಂತ ಮೇಲೆ ನೀರು ಮೇಲೇರುತ್ತದೆ, ಆದರೆ ಮೊದಲಿನ ನೀರಾಗಿ ಅಲ್ಲ. ಕಲ್ಲಿದ್ದಲಿನಲ್ಲಿ ಗಂಧಕ ಬೆರೆತ ಕಬ್ಬಿಣದ ಖನಿಜವಿದ್ದರೆ ಅದು ಗಾಳಿ, ನೀರಿನೊಡನೆ ಸೇರಿ ಆಮ್ಲವಾಗುತ್ತದೆ. ಹಳ್ಳದ ಕಲ್ಲಿನ ಮೇಲೆ ಕಿತ್ತಳೆ ಬಣ್ಣದ ಗಸಿ ಕೂರುತ್ತದೆ.

ನಮ್ಮ ಬೆಟ್ಟಗಳ ಒಡಲು ಟೊಳ್ಳಾಗಲು ಗಣಿ ಬೇಕಿಲ್ಲ. ಮೇಲೆ ಗಟ್ಟಿ ಚಿರೆಕಲ್ಲಿನ ಟೊಪ್ಪಿ, ಅದರಡಿ ಮೆತ್ತನೆಯ ಶೇಡಿ ಮಣ್ಣು. ಒಳಗಿಳಿದ ಮಳೆನೀರು ಶೇಡಿಯನ್ನು ತೊಳೆಯುತ್ತ ತೊಳೆಯುತ್ತ ಕೊಳವೆಯಂಥ ದಾರಿ ಮಾಡಿಕೊಳ್ಳುತ್ತದೆ. ಮಾಳಿಗೆ ತಾಳುವಷ್ಟು ದಿನ ಮೇಲೆ ಏನೂ ಕಾಣುವುದಿಲ್ಲ.

ಹಂತ 1: ಬಿರುಕನ್ನು ಓದಿ

ಎಲ್ಲ ಬಿರುಕೂ ಒಂದೇ ಅಲ್ಲ. ಚೈತ್ರದಲ್ಲಿ ಗದ್ದೆ ಬಿರಿದು ಜೇಡಿ ಮಣ್ಣಿನಲ್ಲಿ ಚೌಕಳಿ ಎದ್ದರೆ ಅದು ಬಿಸಿಲಿನ ಕೆಲಸ, ಮೊದಲ ಮಳೆಗೆ ಮುಚ್ಚುತ್ತದೆ. ಬೇಲಿಯಾಚೆ ಹಠಾತ್ತನೆ ಬಾವಿಯಷ್ಟು ದುಂಡನೆಯ ಗುಂಡಿ ಬಿದ್ದು, ಕೆಳಗಿನ ಹಳ್ಳದಲ್ಲಿ ಎಲ್ಲೋ ಕೆಸರುನೀರು ಹೊರಟಿದ್ದರೆ ನಾನು ಹೇಳಿದ ಶೇಡಿ ಕೊಳವೆ ಕುಸಿದಿದೆ.

ಹೆದರಬೇಕಾದದ್ದು ಇಳಿಜಾರಿಗೆ ಅಡ್ಡಲಾಗಿ, ಅರ್ಧಚಂದ್ರದಂತೆ, ಎರಡೂ ತುದಿ ಕೆಳಮುಖವಾಗಿ ಬಾಗಿದ ಬಿರುಕಿಗೆ. ಅದರ ಕೆಳಗಿನ ಪಕ್ಕ ಮೇಲಿನದಕ್ಕಿಂತ ಒಂದು ಮೆಟ್ಟಿಲಿನಷ್ಟು ತಗ್ಗಿದೆಯೇ ನೋಡಿ. ತಗ್ಗಿದ್ದರೆ ಗುಡ್ಡ ಜಾರಲು ಶುರುವಾಗಿದೆ, ಬಿರುಕು ಅದರ ನೆತ್ತಿ. ಮರಗಳನ್ನೂ ಗಮನಿಸಿ: ಒಂದೇ ಸಾಲಿನ ಅಡಿಕೆ ಮರಗಳು ಈ ವರ್ಷ ಒಂದೇ ದಿಕ್ಕಿಗೆ ವಾಲಿದ್ದರೆ, ಕರೆಂಟಿನ ಕಂಬ ಓರೆಯಾಗಿ ತಂತಿ ಬಿಗಿದಿದ್ದರೆ, ಸಡಿಲವಿದ್ದ ತಂತಿಬೇಲಿ ವೀಣೆಯ ತಂತಿಯಂತಾಗಿದ್ದರೆ, ನೆಲ ಸರಿದಿದೆ. ನೆಲಕ್ಕಿಂತ ಮೊದಲು ಬೇಲಿಯೇ ಸುದ್ದಿ ಹೇಳುವುದು ಹೆಚ್ಚು.

ಬಿರುಕಿನ ಒಂದು ಬದಿಗೆ ಒಂದು ಗೂಟ, ಎದುರು ಬದಿಗೆ ಇನ್ನೊಂದು. ಹಸಿ ಗೂಟ ಬೇಡ, ಒಂದು ಗಜ ಉದ್ದದ ಕಬ್ಬಿಣದ ಸರಳು ಉತ್ತಮ, ಎರಡಡಿ ಒಳಗಿರಲಿ. ತಲೆಯ ಮೇಲೆ ಗರಗಸದಿಂದ ಸಣ್ಣ ಗೀರು ಹಾಕಿ, ಗೀರಿನಿಂದ ಗೀರಿಗೆ ಉಕ್ಕಿನ ಟೇಪಿನಲ್ಲಿ ಮಿಲಿಮೀಟರ್‌ವರೆಗೆ ಅಳೆಯಿರಿ. ಬಟ್ಟೆಯ ಟೇಪು ಎಳೆದಷ್ಟು ಹಿಗ್ಗುತ್ತದೆ, ಅದನ್ನು ದರ್ಜಿಗೆ ಬಿಡಿ. ಇಂಥ ಮೂರು ಜೋಡಿಯಾದರೂ ಇರಲಿ, ಬಿರುಕಿನ ನಡುವೆ ಒಂದು, ತುದಿಗಳಲ್ಲಿ ಎರಡು. ಮಳೆಗಾಲದಲ್ಲಿ ದಿನಕ್ಕೊಮ್ಮೆ, ಉಳಿದಂತೆ ವಾರಕ್ಕೊಮ್ಮೆ ಸಾಕು.

ಹಂತ 2: ಬಾವಿಗೊಂದು ದಿನಚರಿ

ಇದು ಅತಿ ಸುಲಭದ, ಅತಿ ಬೆಲೆಬಾಳುವ ಕೆಲಸ. ಏನೂ ಆಗದಿರುವಾಗಲೇ ಶುರುಮಾಡಬೇಕು, ಅದೊಂದೇ ಕಷ್ಟ.

ಬಾವಿಕಟ್ಟೆಯ ಮೇಲೆ ಒಂದು ಕಡೆ ಕೆಂಪು ಬಣ್ಣದ ಗೆರೆ ಹಾಕಿ. ಯಾವಾಗ ಅಳೆದರೂ ಅದೇ ಗೆರೆಯಿಂದ. ದಾರದ ತುದಿಗೆ ದಪ್ಪ ನಟ್ಟೊಂದನ್ನು ಕಟ್ಟಿ ಇಳಿಬಿಡಿ. ನೀರಿಗೆ ತಾಗಿದ ಸದ್ದಿಗೆ ಹಿಡಿದು, ಎತ್ತಿ ಅಳೆಯಿರಿ. ಬರೆಯುವಾಗ "ನೀರು ಹನ್ನೆರಡು ಅಡಿ ಇದೆ" ಎಂದು ಬರೆಯಬೇಡಿ, "ಗೆರೆಯಿಂದ 31 ಅಡಿ ಕೆಳಗೆ" ಎಂದು ಬರೆಯಿರಿ. ಬಾವಿಯ ತಳ ಹೂಳಿನಿಂದ ಏರುತ್ತದೆ, ಕೆಸರು ತೆಗೆಸಿದರೆ ಇಳಿಯುತ್ತದೆ. ಕಟ್ಟೆ ಮಾತ್ರ ಇದ್ದಲ್ಲೇ ಇರುತ್ತದೆ.

ಅಳೆಯುವ ಹೊತ್ತು ಬೆಳಗ್ಗೆ, ಪಂಪು ಹಾಕುವ ಮೊದಲು. ವಾರಕ್ಕೊಂದು ಸಲ, ಪ್ರತಿ ಸಲವೂ ವಾರದ ಅದೇ ದಿನ. ಪಕ್ಕದ ಕಾಲಮಿನಲ್ಲಿ ಆ ವಾರ ಪಂಪು ಎಷ್ಟು ತಾಸು ಓಡಿತು, ಮಳೆ ಎಷ್ಟು ಬಿತ್ತು. ನಮ್ಮ ಕಡೆ ಮಳೆಮಾಪಕ ಇಟ್ಟು ದಶಕಗಳಿಂದ ಬರೆದಿಟ್ಟ ಮನೆಗಳು ಬೇಕಾದಷ್ಟಿವೆ. ಅಂಥ ಮನೆಯಲ್ಲೂ ಬಾವಿಯ ಲೆಕ್ಕ ಕೇಳಿದರೆ ಇಲ್ಲ! ಆಕಾಶದಿಂದ ಬಿದ್ದದ್ದು ಗೊತ್ತು, ನೆಲದಲ್ಲಿ ಉಳಿದದ್ದು ಗೊತ್ತಿಲ್ಲ.

ಚಿರೆಕಲ್ಲು ನೆಲದ ಬಾವಿಗಳು ಆಷಾಢದಲ್ಲಿ ಕೈಗೆಟುಕುವಂತೆ ತುಂಬಿ, ವೈಶಾಖಕ್ಕೆ ತಳ ತೋರಿಸುತ್ತವೆ. ಹಾಗಾಗಿ ಮೇ ತಿಂಗಳ ಅಂಕಿಯನ್ನು ಹಿಂದಿನ ಮೇ ಜೊತೆಗೇ ಹೋಲಿಸಬೇಕು. ಕೇಂದ್ರ ಅಂತರ್ಜಲ ಮಂಡಳಿ ಕೂಡ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ: ಜನವರಿ, ಮುಂಗಾರಿಗೆ ಮುಂಚಿನ ಬೇಸಿಗೆ, ಆಗಸ್ಟ್, ನವೆಂಬರ್. ವಾರವಾರ ಆಗದವರು ಈ ನಾಲ್ಕನ್ನಾದರೂ ತಪ್ಪಿಸಬಾರದು.

ಇನ್ನೊಂದು ಮಾತು, ಗಣಿಯಲ್ಲಿ ಕಲಿತದ್ದು. ನಿಮ್ಮ ಬಾವಿಯ ಜೊತೆಗೆ ಗುಡ್ಡದ ಆಚೆ ಮಗ್ಗುಲಿನ, ಸುರಂಗಕ್ಕೂ ಕ್ವಾರಿಗೂ ದೂರದ, ಯಾರದಾದರೂ ಒಂದು ಬಾವಿಯನ್ನು ಸಾಕ್ಷಿಗೆಂದು ಅಳೆಯಿರಿ. ನಿಮ್ಮದು ವರ್ಷದಲ್ಲಿ ಎಂಟು ಅಡಿ ಇಳಿದಿದೆ, ಅದು ಎರಡೇ ಅಡಿ ಇಳಿದಿದೆ ಎಂದಿಟ್ಟುಕೊಳ್ಳಿ. ಎರಡಡಿ ಮಳೆ ಕಮ್ಮಿಯಾದ ಲೆಕ್ಕ. ಉಳಿದ ಆರು ಅಡಿಗೆ ಯಾರಾದರೂ ಉತ್ತರ ಕೊಡಬೇಕು. ಸಾಕ್ಷಿಬಾವಿ ಇಲ್ಲದಿದ್ದರೆ ಎಂಟಕ್ಕೆ ಎಂಟನ್ನೂ ಮಳೆಯ ತಲೆಗೆ ಕಟ್ಟುತ್ತಾರೆ.

ಹಂತ 3: ಅಬ್ಬಿ ನೀರಿಗೆ ಬಕೆಟ್ಟು, ಗಡಿಯಾರ

ಬೆಟ್ಟದ ಒರತೆಯಿಂದ ಪೈಪಿನಲ್ಲಿ ಅಬ್ಬಿ ನೀರು ಮನೆಗೆ ಬರುವವರಿಗೆ ಬಾವಿಗಿಂತ ಸುಲಭ. ಮೂಲದ ಹತ್ತಿರ 20 ಲೀಟರಿನ ಬಕೆಟ್ಟು ಹಿಡಿದು ತುಂಬಲು ಎಷ್ಟು ಸೆಕೆಂಡು ಬೇಕು ನೋಡಿ. 50 ಸೆಕೆಂಡಾದರೆ ನಿಮಿಷಕ್ಕೆ 24 ಲೀಟರು. ಮೂರು ಸಲ ಹಿಡಿದು ಸರಾಸರಿ ಬರೆಯಿರಿ. ಮನೆಯ ನಲ್ಲಿಯಲ್ಲಿ ಅಳೆದರೆ ಪೈಪಿನಲ್ಲಿ ಸಿಕ್ಕ ತರಗೆಲೆಯನ್ನೂ ಅಳೆದಂತಾಗುತ್ತದೆ.

ನೀರಿನ ಬಣ್ಣವನ್ನೂ ಬರೆಯಿರಿ. ಜೋರು ಮಳೆಯಲ್ಲಿ ಎಂದೂ ರಾಡಿಯಾಗದ ಒರತೆ ಕೆಂಪಾಗಿ ಹರಿದರೆ, ಅಥವಾ ಸುರಿಯುವ ಮಳೆಯಲ್ಲೇ ಥಟ್ಟನೆ ನಿಂತರೆ, ಪುಸ್ತಕ ಅಲ್ಲೇ ಬಿಟ್ಟು ಮನೆಮಂದಿಯನ್ನು ಕರೆದುಕೊಂಡು ಹೊರಡಿ.

ಹಂತ 4: ಗೋಡೆ ಮತ್ತು ನೀರಿನ ಗುಣ

ಗಾರೆಯ ಮೇಲಿನ ಕೂದಲೆಳೆಯ ಬಿರುಕುಗಳಿಗೆ ತಲೆಕೆಡಿಸಿಕೊಳ್ಳಬೇಡಿ. ಕಿಟಕಿಯ ಮೂಲೆಯಿಂದ ಓರೆಯಾಗಿ, ಚಿರೆಕಲ್ಲಿನ ಸಂದಿಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಬಿರುಕು ತಳಪಾಯ ಕದಲಿದ್ದರ ಗುರುತು. ಹೊಸದೋ ಹಳೆಯದೋ ತಿಳಿಯಲು ಒಳಗೆ ಟಾರ್ಚ್ ಬಿಡಿ. ಜೇಡರ ಬಲೆ, ಹಳೆಯ ಸುಣ್ಣ ಕಂಡರೆ ಹಳೆಯದು. ಹೊಸದರ ಅಂಚು ಚೂಪಾಗಿ ಶುಭ್ರವಾಗಿರುತ್ತದೆ. ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ಕಡೆ ಸಿಮೆಂಟಿನಿಂದ ಕೂರಿಸಿ ತಾರೀಕು ಬರೆಯಿರಿ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಬಿರುಕಿನ ತುದಿಗೂ ಪೆನ್ಸಿಲಿನಲ್ಲಿ ಅಡ್ಡಗೆರೆ, ತಾರೀಕು. ಫೋಟೋ ತೆಗೆಯುವಾಗ ಪಕ್ಕದಲ್ಲಿ ಶಾಲೆಯ ಸ್ಕೇಲು ಇರಲಿ. ನಾನು ಒಮ್ಮೆ ಸ್ಕೇಲಿಲ್ಲದ, ತಾರೀಕಿಲ್ಲದ ನಲವತ್ತು ಫೋಟೋ ಒಂದು ಕಚೇರಿಗೆ ಒಯ್ದಿದ್ದೆ. "ಇದು ಯಾವ ಊರಿನ ಗೋಡೆ?" ಎಂದು ಕೇಳಿದರು. ಸಿಟ್ಟು ಬಂತು, ಆದರೆ ತಪ್ಪು ನನ್ನದೇ.

ಮನೆ ಒಂದು ಕಡೆಗೆ ಇಳಿಯುತ್ತಿದೆಯೇ ಎಂದು ತಿಳಿಯಲು ಗಾರೆ ಕೆಲಸದವರು ಮಟ್ಟ ಹಿಡಿಯುವ ಪಾರದರ್ಶಕ ಪೈಪು ಸಾಕು. ನಾಲ್ಕು ಮೂಲೆಗೂ ಒಂದೇ ಮಟ್ಟದ ಗೆರೆ ಎಳೆದಿಟ್ಟು ಆರು ತಿಂಗಳಿಗೊಮ್ಮೆ ಹಿಡಿದು ನೋಡಿ.

ನೀರಿನ ಗುಣಕ್ಕೆ ಗ್ರಾಮ ಪಂಚಾಯಿತಿಯಲ್ಲಿ ಜಲಜೀವನ ಮಿಷನ್ನಿನ ಪರೀಕ್ಷಾ ಕಿಟ್ ಇದೆಯೇ ವಿಚಾರಿಸಿ. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರೊಳಗೆ, ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗೆ ಇರಬೇಕೆಂಬುದು ಭಾರತೀಯ ಮಾನಕ. ಅಘನಾಶಿನಿ ನದಿಯ ಗಜನಿಯ (ಉಪ್ಪುನೀರು ಬರುವ ತಗ್ಗು ಗದ್ದೆಗಳ) ಅಂಚಿನಲ್ಲಿರುವವರು ಲವಣವನ್ನೇ ಹೆಚ್ಚು ಗಮನಿಸಬೇಕು; ಮೇಲಿನ ಸಿಹಿನೀರು ಎಲ್ಲೋ ಬಸಿದುಹೋದರೆ ಆ ಜಾಗಕ್ಕೆ ಉಪ್ಪುನೀರು ನುಗ್ಗುತ್ತದೆ.

ಹಂತ 5: ಬಿರುಕು ಕಂಡ ಮೇಲೆ ಮಾಡುವುದು, ಮಾಡಬಾರದ್ದು

ಮೊದಲ ಕೆಲಸ ನೀರನ್ನು ದೂರಮಾಡುವುದು. ಬಿರುಕಿನ ಮೇಲ್ಗಡೆ ಅಗಳ ತೋಡಿ ಮಳೆನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಿ. ಬಿರುಕಿಗೆ ಜೇಡಿ ಮಣ್ಣು ಗುದ್ದಿ ತುಂಬಿ ಮೇಲೆ ತಾಡಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ. ಅರ್ಧಚಂದ್ರ ಬಿರುಕಾದರೆ ಇದಕ್ಕೂ ಮಳೆ ಬಿಟ್ಟ ದಿನವನ್ನೇ ಆರಿಸಿಕೊಳ್ಳಿ, ಒಬ್ಬರೇ ಹೋಗಬೇಡಿ.

ಇಂಗುಗುಂಡಿಯ ಬಗ್ಗೆ ನನ್ನ ಮಾತು ಕೆಲವರಿಗೆ ಹಿಡಿಸದು. ಮಳೆನೀರು ಇಂಗಿಸುವುದು ಪುಣ್ಯದ ಕೆಲಸ, ನಮ್ಮ ಜಿಲ್ಲೆಯಲ್ಲಿ ಅದರಿಂದ ಬಾವಿಗಳು ಬದುಕಿವೆ. ಆದರೆ ಕಡಿದಾದ, ಕೆಳಗೆ ಶೇಡಿ ಇರುವ, ಬಿರುಕು ಕಂಡ ಇಳಿಜಾರಿನಲ್ಲಿ ಇಂಗುಗುಂಡಿ ತೋಡುವುದೆಂದರೆ ಜಾರುಬಂಡೆಗೆ ಎಣ್ಣೆ ಹೊಯ್ದ ಹಾಗೆ. ಅಲ್ಲಿ ಇದ್ದ ಗುಂಡಿಯನ್ನೂ ಮುಚ್ಚಬೇಕು. ಇಂಗಿಸುವುದಕ್ಕೆ ತಗ್ಗಿನ ಜಾಗ ಬೇಕಾದಷ್ಟಿದೆ. ಹಾಗೆಯೇ ಮನೆ ಹಿಂದಿನ ಧರೆಯನ್ನು (ಮಣ್ಣಿನ ದಿಬ್ಬವನ್ನು) ಜೆಸಿಬಿ ಕರೆಸಿ ನೆಟ್ಟಗೆ ಕಡಿಸುವ ಚಾಳಿ ಬಿಡಬೇಕು; ಅಂಗಳ ನಾಲ್ಕಡಿ ಹೆಚ್ಚಾಗುತ್ತದೆ, ನಿದ್ದೆ ಹೋಗುತ್ತದೆ.

ದುಂಡನೆಯ ಗುಂಡಿ ಬಿದ್ದರೆ ಕಸಕಡ್ಡಿ, ಮನೆ ಒಡೆದ ಮಣ್ಣು ತಂದು ತುಂಬಬೇಡಿ. ಒಳಗಿನ ನೀರಿನ ದಾರಿ ಮುಚ್ಚಿದರೆ ಅದು ಬೇರೆಡೆ, ಬಹುಶಃ ಕೊಟ್ಟಿಗೆಯ ಕೆಳಗೇ, ಹೊಸ ದಾರಿ ಹುಡುಕುತ್ತದೆ. ಸುತ್ತ ಬೇಲಿ ಹಾಕಿ, ದನಕರು ದೂರವಿಟ್ಟು, ತಿಳಿದವರು ನೋಡುವತನಕ ಕಾಯಿರಿ.

ಎಡೆಬಿಡದೆ ಮಳೆ ಸುರಿಯುವ ರಾತ್ರಿಗಳಲ್ಲಿ ಗೂಟದ ಅಂತರ ಹೆಚ್ಚುತ್ತಿದ್ದರೆ ಆ ಮನೆಯಲ್ಲಿ ಮಲಗಬೇಡಿ. ಕಳಚೆಯದೂ ಶಿರೂರಿನದೂ ಜುಲೈ ತಿಂಗಳೇ, ಜಡಿಮಳೆಯ ದಿನಗಳೇ. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077, ತುರ್ತಿಗೆ 112.

ಹಂತ 6: ಕಾಗದ

ಗ್ರಾಮ ಆಡಳಿತ ಅಧಿಕಾರಿಗೆ ಬಾಯಲ್ಲಿ ಹೇಳಿದ್ದು ಸಾಲದು. ತಹಶೀಲ್ದಾರರಿಗೆ ಒಂದು ಪುಟದ ಅರ್ಜಿ: ಸರ್ವೆ ನಂಬರು, ಬಿರುಕು ಮೊದಲು ಕಂಡ ದಿನ, ಅಂದಿನ ಅಳತೆ, ಇಂದಿನ ಅಳತೆ, ಸ್ಥಳ ಪರಿಶೀಲನೆ ಮಾಡಿ ಪಂಚನಾಮೆ ಮಾಡಬೇಕೆಂಬ ಕೋರಿಕೆ. ಪಹಣಿಯ ಪ್ರತಿ, ದಿನಚರಿಯ ಪುಟಗಳ ಜೆರಾಕ್ಸ್ ಲಗತ್ತಿಸಿ. ಮೂಲ ಪುಸ್ತಕ ಯಾರಿಗೂ ಕೊಡಬೇಡಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬನ್ನಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ತಜ್ಞರನ್ನು ಕರೆಸಲು ಜಿಲ್ಲಾಧಿಕಾರಿ ಬರೆಯಬೇಕಾಗುತ್ತದೆ, ಅದನ್ನೂ ಅರ್ಜಿಯಲ್ಲೇ ಕೇಳಿ. ಉತ್ತರವಿಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಅರ್ಜಿ; ಮೂವತ್ತು ದಿನದಲ್ಲಿ ಉತ್ತರ ಬರಬೇಕು.

ಸುರಂಗವೋ ಗಣಿಯೋ ಬರುವ ಮೊದಲಿನ ಪರಿಸರ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ ಮೂವತ್ತು ದಿನ ಮೊದಲೇ ಪ್ರಕಟಣೆ ಕೊಡಬೇಕೆಂದು 2006ರ ಅಧಿಸೂಚನೆ ಹೇಳುತ್ತದೆ, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಅಲ್ಲಿ ಘೋಷಣೆ ಕೂಗುವವರು ಕೂಗಲಿ. ಒಬ್ಬರಾದರೂ ಎದ್ದು ಮೂರು ಪ್ರಶ್ನೆ ಕೇಳಿ, ಬರೆದೂ ಕೊಡಿ: ಯೋಜನೆಯ ಗಡಿಯಾಚೆ ಎಷ್ಟು ದೂರದವರೆಗಿನ ಬಾವಿ, ಒರತೆಗಳನ್ನು ಪಟ್ಟಿಮಾಡಿದ್ದೀರಿ? ಕೆಲಸ ಶುರುವಾಗುವ ಮುಂಚೆ ಎಷ್ಟು ವರ್ಷದ ನೀರಿನ ಮಟ್ಟ ನಿಮ್ಮ ಬಳಿ ಇದೆ? ಮುಗಿದ ಮೇಲೆ ಎಷ್ಟು ವರ್ಷ, ಯಾರು ಅಳೆಯುತ್ತಾರೆ? ಕಲ್ಲಿದ್ದಲು ನಾಡಿನಲ್ಲಿ ಈ ಕೊನೆಯ ಪ್ರಶ್ನೆ ಕೇಳುವವರೇ ಇರುತ್ತಿರಲಿಲ್ಲ. ಗಣಿ ಮುಚ್ಚಿದ ದಿನ ನಮ್ಮ ದುರ್ಬೀನೂ ಪೆಟ್ಟಿಗೆ ಸೇರುತ್ತಿತ್ತು, ನೆಲ ಮಾತ್ರ ಇಳಿಯುತ್ತಲೇ ಇರುತ್ತಿತ್ತು.

ಭಾವನ ಬೆಟ್ಟದ ಸಂಗತಿ ಹೇಳಿ ಮುಗಿಸುತ್ತೇನೆ. ಅವನದು ಅರ್ಧಚಂದ್ರದ ಬಿರುಕೇ ಆಗಿತ್ತು, ಮೆಟ್ಟಿಲು ಇನ್ನೂ ಬಿದ್ದಿರಲಿಲ್ಲ. ಬೆಟ್ಟದ ಹಳೆಯ ಅಗಳ ತರಗೆಲೆ ತುಂಬಿ ಕಟ್ಟಿ, ನೀರೆಲ್ಲ ಆ ಒಂದೇ ಜಾಗಕ್ಕೆ ಇಳಿಯುತ್ತಿತ್ತು. ಅಗಳ ಬಿಡಿಸಿದೆವು, ಮನೆಯವರನ್ನು ಇಪ್ಪತ್ತು ದಿನ ನಮ್ಮನೆಗೆ ಕರೆತಂದೆವು. ಸರಳುಗಳ ನಡುವಿನ ಅಂತರ ಮೊದಲ ದಿನ 1 ಮೀಟರ್ ಇದ್ದದ್ದು ಶ್ರಾವಣದ ಹೊತ್ತಿಗೆ 1 ಮೀಟರ್ 11 ಮಿಲಿಮೀಟರ್ ಆಯಿತು. ದೀಪಾವಳಿಯಿಂದೀಚೆಗೆ ಅಲ್ಲೇ ನಿಂತಿದೆ. ಬಾವಿಕಟ್ಟೆಗೂ ಈಗ ಕೆಂಪು ಗೆರೆ ಬಂದಿದೆ. ಭಾವ ಎರಡು ವಾರ ಅಳೆದು ಮರೆತ. ಮೂರನೇ ವಾರದಿಂದ ಪುಸ್ತಕದಲ್ಲಿರುವುದು ಅಕ್ಕನ ಅಕ್ಷರ.